ಕೊಳ್ಳಲು ಹೋದ ಜ್ಯೂಸರನ್ನು ಮಾರಿ ಬಂದವನು

ನನ್ನ ಅಣ್ಣನಿಗೆ ಮಾರುಕಟ್ಟೆಯವರು ಇಟ್ಟ ಹೆಸರು ಗುಡುಗಣ್ಣ. ಹಣ್ಣು ತರಕಾರಿಯ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುವುದು ಅವನ ಕೆಲಸ. ಲಾರಿಗಳಿಂದ ಇಳಿದ ರಾಶಿಗಳ ನಡುವೆ ಮರದ ಪೆಟ್ಟಿಗೆಯೊಂದನ್ನು ಬೋರಲು ಹಾಕಿ, ಅದರ ಮೇಲೆ ಹತ್ತಿ ನಿಂತು ಅವನು ಬಾಯಿ ತೆರೆದನೆಂದರೆ ಹಿಂದಿನ ಬೀದಿಯಲ್ಲಿ ಚಹಾ ಕುಡಿಯುತ್ತಿದ್ದ ವ್ಯಾಪಾರಿಗಳು ಗ್ಲಾಸನ್ನು ಅರ್ಧಕ್ಕೇ ಬಿಟ್ಟು ಓಡಿ ಬರುತ್ತಾರೆ. ಬಾಯಿ ಕೂಗುತ್ತಿದ್ದರೆ ಕೈ ತನ್ನದೇ ಮಾತಾಡುತ್ತಿರುತ್ತದೆ. ಅಂಗೈ ಮೇಲೆ ಮಾಡಿದರೆ ‘ಇನ್ನೂ ಯಾರು?’, ಬೆರಳು ಮಡಿಸಿದರೆ ‘ಸಾಲದು’, ಹೆಬ್ಬೆರಳಿನಿಂದ ಭುಜ ಮುಟ್ಟಿಕೊಂಡರೆ ‘ಮುಗೀತು, ಮಾಲು ನಿನ್ನದು’. ಹೆಬ್ಬೆರಳು ಭುಜಕ್ಕೆ ತಾಗಿದ ಮೇಲೆ ಆ ಮಾರುಕಟ್ಟೆಯಲ್ಲಿ ಯಾರೂ ಮಾತು ಬದಲಿಸುವಂತಿಲ್ಲ. ಕೊಂಡವನೂ ಇಲ್ಲ, ಮಾರಿದವನೂ ಇಲ್ಲ.

ನಾನು ಅವನ ತಂಗಿ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತೇನೆ, ಅಣ್ಣನ ಮನೆಯ ಮೇಲಿನ ಕೋಣೆಯಲ್ಲಿ ಇರುತ್ತೇನೆ. ಅವನ ವಿಷಯ ಹೇಳುವುದಕ್ಕೆ ನನಗಿಂತ ಯೋಗ್ಯರು ಇನ್ನೊಬ್ಬರಿಲ್ಲ, ಏಕೆಂದರೆ ಆ ಗಂಟಲಿನಿಂದ ಎಲ್ಲರಿಗಿಂತ ಹೆಚ್ಚು ಕಷ್ಟಪಟ್ಟವಳು ನಾನೇ. ಚಿಕ್ಕವರಿದ್ದಾಗ ನಾನು ಪರೀಕ್ಷೆಗೆ ಓದುತ್ತಿದ್ದರೆ ಪಕ್ಕದ ಕೋಣೆಯಲ್ಲಿ ಇವನು ತಲೆದಿಂಬುಗಳನ್ನು ಹರಾಜು ಹಾಕುತ್ತಿದ್ದ. ದೊಡ್ಡವನಾದ ಮೇಲೆ ಅದಕ್ಕೇ ಸಂಬಳ ಕೊಟ್ಟರು. ಮನೆಯಲ್ಲಿ ಉಪ್ಪು ಬೇಕಾದರೂ ಬೀದಿ ತುದಿಯವರಿಗೆಲ್ಲ ತಿಳಿಯುತ್ತಿತ್ತು.

ಅತ್ತಿಗೆಯದು ಇದಕ್ಕೆ ತದ್ವಿರುದ್ಧ. ಮಾತು ಕಡಿಮೆ, ಕೆಲಸ ಜಾಸ್ತಿ. ಮನೆಯ ಮುಂದಿನ ಕೋಣೆಯಲ್ಲೇ ಇಸ್ತ್ರಿ ಅಂಗಡಿ. ಉದ್ದನೆಯ ಮೇಜು, ಅದರ ಮೇಲೆ ಮಡಿಸಿ ಹಾಸಿದ ಕಂಬಳಿ, ಗೋಡೆಗುಂಟ ಬೀದಿಯ ಅರ್ಧ ಜನರ ಅಂಗಿ, ಲಂಗ, ಶಾಲೆಯ ಸಮವಸ್ತ್ರ. ದಿನವಿಡೀ ಭಾರದ ಇಸ್ತ್ರಿಪೆಟ್ಟಿಗೆ ತಳ್ಳಿ ತಳ್ಳಿ ಅವಳ ಬಲತೋಳು ಎಡತೋಳಿಗಿಂತ ದಪ್ಪ. ಅಣ್ಣ ಹೆದರುತ್ತಿದ್ದುದು ಆ ತೋಳಿಗೆ ಮಾತ್ರ ಎಂದು ನಾನು ಕೀಟಲೆ ಮಾಡುತ್ತಿದ್ದೆ.

ಇಂಥ ಅಣ್ಣ ಒಂದು ಬೆಳಿಗ್ಗೆ ಕಲ್ಲಂಗಡಿಯ ರಾಶಿ ಕೂಗುತ್ತಿದ್ದಾಗ ಕಾಲಡಿಯ ಪೆಟ್ಟಿಗೆ ಲಟ್ಟೆಂದು ಮುರಿಯಿತು. ಮುಂದಕ್ಕೆ ಬಿದ್ದ. ಗಲ್ಲ ಕೈಗಾಡಿಯ ಅಂಚಿಗೆ ಬಡಿದು ದವಡೆ ಎರಡು ಕಡೆ ಮುರಿಯಿತು. ಆಸ್ಪತ್ರೆಯಲ್ಲಿ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಸೇರಿಸಿ ತಂತಿ ಬಿಗಿದುಬಿಟ್ಟರು. ಮೂಳೆ ಕೂಡುವ ತನಕ ಬಾಯಿ ತೆರೆಯುವಂತಿಲ್ಲ. ಅಗಿಯುವ ಮಾತೇ ಇಲ್ಲ, ಏನಿದ್ದರೂ ಕೊಳವೆಯಲ್ಲಿ ಹೀರಬೇಕು. ಊರೆಲ್ಲ ಕೇಳುವಂತೆ ಕೂಗುತ್ತಿದ್ದ ಬಾಯಿಗೆ ಅಕ್ಷರಶಃ ಬೀಗ ಬಿತ್ತು.

ಹಲ್ಲು ಕಚ್ಚಿಕೊಂಡೇ ಸ್ವಲ್ಪ ಸ್ವಲ್ಪ ಮಾತಾಡಬಹುದು ಎಂದು ಡಾಕ್ಟರಮ್ಮ ಹೇಳಿದ್ದರು. ಒಮ್ಮೆ ಮಾತಾಡಿ ನೋಡಿದ. ಹೊರಗೆ ಬಂದ ದನಿ ಕೇಳಿ ತಾನೇ ಬೆಚ್ಚಿಬಿದ್ದ. ಆಮೇಲೆ ತುಟಿ ಪಿಟಕ್ಕೆನ್ನಲಿಲ್ಲ. ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತ. ಹಾಲು ಕೊಟ್ಟರೆ ಎರಡು ಗುಟುಕು, ಗಂಜಿ ಕೊಟ್ಟರೆ ಒಂದು ಗುಟುಕು, ಡಾಕ್ಟರಮ್ಮ ಬರೆದುಕೊಟ್ಟ ಪುಡಿಯನ್ನು ಕದಡಿ ಕೊಟ್ಟರೆ ಮುಖ ಆಚೆ. ಸತ್ಯ ಹೇಳಬೇಕೆಂದರೆ ಮೊದಲ ದಿನ ಮನೆ ನಿಶ್ಶಬ್ದವಾದದ್ದಕ್ಕೆ ನನಗೆ ಸ್ವಲ್ಪ ಖುಷಿಯೇ ಆಗಿತ್ತು. ಮೂರನೆಯ ದಿನಕ್ಕೆ ಆ ನಿಶ್ಶಬ್ದ ಸಾಕುಸಾಕಾಯಿತು. ಅಂಗಿ ಅವನ ಮೈಮೇಲೆ ಗೂಟಕ್ಕೆ ಸಿಕ್ಕಿಸಿದ ಹಾಗೆ ಜೋತುಬಿದ್ದಿತ್ತು.

ವಾರ ಕಳೆದು ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ತೂಕ ನೋಡಿ ಗದರಿದರು. "ನೋಡಿ, ಹೀಗೇ ಇಳೀತಾ ಹೋದ್ರೆ ಮೂಳೆ ಕೂಡೋದಾದ್ರೂ ಹೇಗೆ? ಮುಂದಿನ ಸಲ ಬರೋವಾಗ ತೂಕ ಇನ್ನೂ ಕಮ್ಮಿ ಆಗಿದ್ರೆ ಇಲ್ಲೇ ಸೇರಿಸ್ಕೊಂಡು ಮೂಗಿಂದ ನಳಿಕೆ ಹಾಕ್ತೀನಿ. ಆಮೇಲೆ ನನ್ನನ್ನ ಬೈಬೇಡಿ."

ನಳಿಕೆ ಎಂದದ್ದೇ ತಡ, ಅಣ್ಣ ಎರಡೂ ಕೈಯಿಂದ ಮೂಗು ಮುಚ್ಚಿಕೊಂಡ. ಅವನ ಕಣ್ಣಲ್ಲಿ ಅಂಥ ಹೆದರಿಕೆ ನಾನು ಎಂದೂ ಕಂಡಿರಲಿಲ್ಲ. ಅತ್ತಿಗೆ ಮಾತ್ರ ಬಾಗಿಲ ಹೊರಗೆ ಬಂದವಳೇ ಗಕ್ಕನೆ ನಿಂತು, "ಹುಟ್ಟಿದಾಗಿಂದ ಹಣ್ಣು ತರಕಾರಿ ನಡುವೆ ಬೆಳೆದ ಮನುಷ್ಯ ಇವರು. ಪುಡಿ ಕಲಸಿ ಕೊಟ್ರೆ ಯಾಕೆ ಕುಡೀತಾರೆ? ಹಣ್ಣೇ ಕುಡಿಸ್ತೀನಿ" ಅಂದಳು.

ಮನೆಯ ಮಿಕ್ಸಿಯಲ್ಲಿ ಶುರುವಾಯಿತು ಪ್ರಯೋಗ. ಕ್ಯಾರೆಟ್ಟನ್ನು ನೀರು ಹಾಕಿ ರುಬ್ಬಿ, ಒಗೆದು ಇಸ್ತ್ರಿ ಮಾಡಿದ ತೆಳ್ಳನೆಯ ಬಟ್ಟೆಯಲ್ಲಿ ಹಿಂಡಿದಳು. ಲೋಟದ ತುಂಬ ನೊರೆ, ಅಡಿಯಲ್ಲಿ ನಾಲ್ಕು ಚಮಚ ನೀರುನೀರಾದ ರಸ. ಸೇಬು ರುಬ್ಬಿದರೆ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಕಂದು ಬಣ್ಣ. ಸೊಪ್ಪಿನ ನಾರು ಕೊಳವೆಯಲ್ಲಿ ಸಿಕ್ಕಿಕೊಂಡು ಅಣ್ಣ ಹೀರಿ ಹೀರಿ ಕೆನ್ನೆ ಒಳಗೆ ಹೋಗಿ, ಕೊನೆಗೆ ಕೊಳವೆಯನ್ನೇ ಕಿತ್ತು ಕಿಟಕಿಯಾಚೆ ಎಸೆದ. ಅದು ಪಾಪ, ಇಸ್ತ್ರಿಗೆ ಬಟ್ಟೆ ತಂದಿದ್ದ ಹೆಂಗಸಿನ ತಲೆ ಮೇಲೆ ಬಿತ್ತು. ಅವಳು ರೇಗಾಡಿ ಹೋದ ಮೇಲೆ ಅತ್ತಿಗೆ ನನ್ನತ್ತ ತಿರುಗಿದಳು.

"ನಾಳೆ ನಿಂಗೆ ರಜಾ ತಾನೇ? ಜ್ಯೂಸರ್ ತರೋಕೆ ಹೋಗೋಣ. ಅವರೂ ಬರ್ತಾರೆ."

ಅಣ್ಣ ಬೆರಳು ಮಡಿಸಿದ. ಬರುವುದಿಲ್ಲ ಎಂದು.

"ಬರ್ತೀರಿ" ಅಂದಳು ಅತ್ತಿಗೆ, ಬಲತೋಳನ್ನು ಸೊಂಟದ ಮೇಲಿಟ್ಟುಕೊಂಡು.

ಹೋದೆವು. ದೊಡ್ಡ ಬೀದಿಯಲ್ಲಿ ಫ್ಯಾನು, ಹೀಟರು, ಅಡುಗೆಮನೆಯ ಯಂತ್ರಗಳನ್ನೆಲ್ಲ ಮಾರುವ ಅಂಗಡಿ. ಗಾಜಿನ ಬಾಗಿಲು, ನುಣ್ಣನೆಯ ನೆಲ. ಅದರ ಮೇಲೆ ಅತ್ತಿಗೆ ದೊಪ್ಪೆಂದು ಗೋಣಿಚೀಲ ಇಳಿಸಿದಳು. ಚೀಲದಲ್ಲಿ ಕ್ಯಾರೆಟ್, ಸೌತೆಕಾಯಿ, ಸೇಬು, ಕಿತ್ತಳೆ, ದಾಳಿಂಬೆ, ಮೇಲೆ ಎರಡು ಕಟ್ಟು ಪಾಲಕ್. ಅಣ್ಣನ ಮಾರುಕಟ್ಟೆಯಲ್ಲಿ ಮಾದರಿ ನೋಡದೆ ಯಾರೂ ಮಾಲು ಎತ್ತುವುದಿಲ್ಲ. ಗೋಣಿ ಬಿಚ್ಚಿಸಿ, ಒಂದನ್ನು ಕೊಯ್ದು ನೋಡಿ, ಆಮೇಲೆ ಬೆಲೆಯ ಮಾತು. ಯಂತ್ರಕ್ಕೂ ಅದೇ ನ್ಯಾಯ ಎಂದು ಅತ್ತಿಗೆ ತೀರ್ಮಾನಿಸಿಬಿಟ್ಟಿದ್ದಳು.

ಮಾರಾಟಕ್ಕೆ ನಿಂತಿದ್ದಾಕೆ ಚೀಲ ನೋಡಿ ಕಣ್ಣುಕಣ್ಣು ಬಿಟ್ಟಳು. "ಅಮ್ಮಾ, ನಾವು ಬರೀ ನೀರು ಹಾಕಿ ಓಡಿಸಿ ತೋರಿಸ್ತೀವಿ."

"ನಮ್ಮನೇಲಿ ನೀರಿಂದ ರಸ ತೆಗಿಯಲ್ಲ" ಅಂದಳು ಅತ್ತಿಗೆ.

ಒಳಗಿನಿಂದ ಅಂಗಡಿಯ ಯಜಮಾನ ಬಂದ. ಒಣಕಲು ಮನುಷ್ಯ, ಮೂಗಿನ ತುದಿಯಲ್ಲಿ ಕನ್ನಡಕ. ಅದು ನಮ್ಮ ಅಂಗಡಿಯದೇ ಗಾಜು, ನನಗೆ ಗುರುತು ಸಿಕ್ಕಿತು. ಆ ಸಲಿಗೆಯಲ್ಲಿ ಅಣ್ಣನ ಕಥೆಯನ್ನೆಲ್ಲ ಒಂದೇ ಉಸಿರಿನಲ್ಲಿ ಒದರಿದೆ. ಅವನು ಅಣ್ಣನ ತಂತಿ ಬಿಗಿದ ಹಲ್ಲನ್ನು ಬಗ್ಗಿ ನೋಡಿ, "ಅಯ್ಯೋ ಪಾಪ" ಎಂದು ತಲೆ ಅಲ್ಲಾಡಿಸಿ, "ಆಯ್ತು, ಪ್ರದರ್ಶನಕ್ಕಿಟ್ಟಿರೋದ್ರಲ್ಲಿ ಹಾಕಿ ನೋಡಿ. ನೆಲ ಮಾತ್ರ ನೀವೇ ಒರೆಸ್ಬೇಕು" ಅಂದ.

ಮೊದಲ ಯಂತ್ರದ ಒಳಗೆ ಗಿರ್ರೆಂದು ತಿರುಗುವ ಬಟ್ಟಲು, ಬಟ್ಟಲಿನ ಅಡಿಗೆ ಹಲ್ಲುಹಲ್ಲಿನ ತಟ್ಟೆ. ಇಡೀ ಸೇಬು ಹಾಕಿದರೂ ನುಂಗುತ್ತದೆ, ಕೊಯ್ಯುವ ಕೆಲಸವೇ ಇಲ್ಲ. ಗುಂಡಿ ಒತ್ತಿದ್ದೇ ತಡ, ವಿಮಾನ ಏಳುವಂಥ ಸದ್ದು. ಒಂದೇ ಕ್ಷಣದಲ್ಲಿ ಲೋಟ ತುಂಬಿತು. ಆದರೆ ಅರ್ಧ ನೊರೆ. ಪಾಲಕ್ ಹಾಕಿದರೆ ಅದು ಎಲೆ ಎಲೆಯಾಗಿಯೇ ಆಚೆ ಬಂದು ಬಿತ್ತು. ಅತ್ತಿಗೆ ಹಿಂದಿನ ಡಬ್ಬಿ ತೆರೆದು, ಹೊರಬಿದ್ದ ಚರಟವನ್ನು ಮುಷ್ಟಿಯಲ್ಲಿ ಹಿಂಡಿದಳು. ಬೆರಳ ಸಂದಿಯಿಂದ ರಸ ತೊಟ್ಟಿಕ್ಕಿತು. "ಇಷ್ಟು ರಸ ಇದ್ರಲ್ಲೇ ಉಳಿಸ್ಕೊಳ್ಳುತ್ತಾ? ಕಳ್ಳ ಯಂತ್ರ" ಎಂದು ಮೂಗು ಮುರಿದಳು. ಅಣ್ಣ ಒಂದು ಗುಟುಕು ಹೀರಿ, ನೊರೆ ಗಂಟಲಿಗೆ ಏರಿ, ಬೆರಳು ಮಡಿಸಿದ.

ಎರಡನೆಯದು ಕಿತ್ತಳೆ ಹಿಂಡುವುದು. ಅರ್ಧ ಕೊಯ್ದ ಹಣ್ಣನ್ನು ಚೂಪು ತಲೆಯ ಮೇಲೆ ಒತ್ತಿದರೆ ಸಾಕು. ರಸ ಚೆನ್ನಾಗಿಯೇ ಬಂತು, ಅಣ್ಣ ಎರಡು ಗುಟುಕು ಕುಡಿದ. ಆದರೆ ಕ್ಯಾರೆಟ್ಟನ್ನು ಅದರ ಮೇಲೆ ಏನು ಒತ್ತುವುದು? ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬರೀ ಕಿತ್ತಳೆಯಾದರೆ ನಾಲ್ಕೇ ದಿನಕ್ಕೆ ಬೇಸರ ಬರುತ್ತದೆ. ಅದೂ ಬೇಡವಾಯಿತು.

ಮೂರನೆಯದು ನೋಡಲು ಎತ್ತರ, ಕುತ್ತಿಗೆ ಕಿರಿದು. ಒಳಗೆ ತಿರುಪಿನಂಥ ದಪ್ಪ ಸುರುಳಿ, ಅದರ ಸುತ್ತ ಸಣ್ಣ ಕಣ್ಣಿನ ಜಾಲರಿ. ಮಾರಾಟದಾಕೆ ಗುಂಡಿ ಒತ್ತಿದಳು. ಸದ್ದೇ ಇಲ್ಲ. ಸುರುಳಿ ಇನ್ನೂ ನಿದ್ದೆಗಣ್ಣಿನಲ್ಲಿರುವಂತೆ ಮೆಲ್ಲಗೆ, ಒಂದು ಸುತ್ತು, ಇನ್ನೊಂದು ಸುತ್ತು.

"ಇದಕ್ಕೇನು ಜ್ವರ ಬಂದಿದ್ಯಾ?" ಅಂದೆ ನಾನು.

"ಇದು ರುಬ್ಬೋದಲ್ಲ ಅಕ್ಕಾ, ಜಜ್ಜಿ ಹಿಂಡೋದು. ಸಣ್ಣಗೆ ಹೆಚ್ಚಿ ಹಾಕ್ಬೇಕು, ಒಂದೊಂದಾಗಿ. ಅವಸರ ಮಾಡಬಾರದು" ಅಂದಳು ಆಕೆ.

ಅತ್ತಿಗೆ ಕ್ಯಾರೆಟ್ ತುಂಡು ಹಾಕಿದಳು. ಒಳಗೆ ಕಟುಮ್ ಎಂದಿತು. ಮತ್ತೊಂದು. ಆಮೇಲೆ ಸೇಬು, ಸುರುಳಿ ಸುತ್ತಿದ ಪಾಲಕ್, ಸೌತೆ. ಒಂದು ಬಾಯಿಯಿಂದ ದಟ್ಟನೆಯ ರಸ ದಾರವಾಗಿ ಇಳಿಯತೊಡಗಿತು, ಇನ್ನೊಂದು ಬಾಯಿಯಿಂದ ಚರಟ ಬತ್ತಿಯಂತೆ ಹೊಸೆದುಕೊಂಡು ಹೊರಗೆ ಬಂತು. ಅತ್ತಿಗೆ ಚರಟ ಹಿಂಡಿದಳು. ಒಂದು ಹನಿಯೂ ಇಲ್ಲ! ಅವಳ ಮುಖ ಊರಗಲವಾಯಿತು.

ಅಣ್ಣ ಕೊಳವೆಗೆ ತುಟಿ ಇಟ್ಟ. ಒಂದು ಗುಟುಕು. ನಿಂತ. ಇನ್ನೊಂದು ಗುಟುಕು. ಕಣ್ಣು ಮುಚ್ಚಿದ. ಆಮೇಲೆ ನಿಲ್ಲಲೇ ಇಲ್ಲ! ಗುಳುಗುಳು ಎಂದು ಲೋಟದ ತಳ ಕಾಣುವ ತನಕ ಹೀರಿ, ತಳದಲ್ಲಿ ಸೊರಸೊರ ಸದ್ದು ಬಂದ ಮೇಲೂ ಹೀರಿ, ಖಾಲಿ ಲೋಟವನ್ನು ಮೇಲೆತ್ತಿ ಹಿಡಿದ. ಬಿದ್ದ ದಿನದಿಂದ ಅವನು ಪೂರ್ತಿ ಮುಗಿಸಿದ ಮೊದಲ ಲೋಟ ಅದು. ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಳ್ಳುವ ನೆಪದಲ್ಲಿ ಕಣ್ಣೊರೆಸಿಕೊಂಡಳು. ನಾನು ಯಾವ ನೆಪವೂ ಇಲ್ಲದೆ ಕುಣಿದೆ.

ಈ ಗಲಾಟೆಗೆ ಅಂಗಡಿಯಲ್ಲಿದ್ದವರೆಲ್ಲ ಸುತ್ತ ನೆರೆದಿದ್ದರು. ಬಾಗಿಲ ಹೊರಗಿನವರೂ ಇಣುಕಿದರು. "ಏನದು?", "ಸೊಪ್ಪಲ್ಲೂ ರಸ ಬರುತ್ತಾ?", "ನಮಗೂ ಸ್ವಲ್ಪ ಕೊಡಿ." ಅತ್ತಿಗೆ ಉಳಿದದ್ದನ್ನು ಹಿಂಡಿ ಸಣ್ಣ ಸಣ್ಣ ಲೋಟಗಳಲ್ಲಿ ಹಂಚಿದಳು. ಯಜಮಾನ ಬಂದು, "ಅಮ್ಮಾ, ಇದು ಕೊನೇದು, ಪೆಟ್ಟಿಗೆ ಒಂದೇ ಉಳಿದಿದೆ. ಕಟ್ಟಿಸ್ಲಾ?" ಎಂದು ಕೇಳಿದ.

ಸುತ್ತ ಜನ. ನಡುವೆ ಒಳ್ಳೆಯ ಮಾಲು. ಅದೂ ಕೊನೆಯದು. ಅಣ್ಣನ ಮೈಯಲ್ಲಿ ಏನೋ ಸಂಚಾರವಾದದ್ದು ನನಗೆ ಕಾಣಿಸಿತು. ಬೆನ್ನು ನೆಟ್ಟಗಾಯಿತು. ಪಕ್ಕದಲ್ಲಿದ್ದ ಸ್ಟೂಲನ್ನು ಕಾಲಿನಿಂದ ಎಳೆದುಕೊಂಡು, ಹತ್ತಿ ನಿಂತುಬಿಟ್ಟ!

"ಅಣ್ಣಾ, ಬೀಳ್ತೀಯಾ!" ಎಂದು ಕೂಗಿದೆ. ಯಾರು ಕೇಳಬೇಕು? ಖಾಲಿ ಲೋಟ ತೋರಿಸಿದ, ಒಣಗಿದ ಚರಟ ತೋರಿಸಿದ, ತನ್ನ ತಂತಿ ಬಿಗಿದ ಹಲ್ಲು ತೋರಿಸಿದ, ಹೊಟ್ಟೆ ಸವರಿಕೊಂಡ. ಜನ ಬಿದ್ದು ಬಿದ್ದು ನಕ್ಕರು. ಅಂಗೈ ಮೇಲೆ ಮಾಡಿದ: ಯಾರು? ಒಂದು ಕೈ ಎದ್ದಿತು. ಕಣ್ಣರಳಿಸಿ ಇನ್ನೊಂದು ಕಡೆ ತಿರುಗಿ ಮತ್ತೆ ಅಂಗೈ: ಇನ್ನೂ ಯಾರು? ಇನ್ನೆರಡು ಕೈ. ಬಾಯಿಂದ ಒಂದು ಸೊಲ್ಲಿಲ್ಲ, ಆದರೂ ಇಡೀ ಅಂಗಡಿಯನ್ನು ಬೆರಳ ತುದಿಯಲ್ಲಿ ಆಡಿಸುತ್ತಿದ್ದ. ನಾನಂತೂ ಮೈಮರೆತು ಶಿಳ್ಳೆ ಹೊಡೆದೆ. ಫ್ಯಾನು ಕೊಳ್ಳಲು ಬಂದಿದ್ದ ಟೋಪಿಯ ದಡೂತಿ ಮನುಷ್ಯನೊಬ್ಬ ಎರಡೂ ಕೈ ಎತ್ತಿ, "ನಂಗೆ, ನಂಗೇ!" ಎಂದು ಮುಂದೆ ನುಗ್ಗಿದ. ಅಣ್ಣ ಅವನತ್ತ ಬೆರಳು ತೋರಿಸಿ, ಹೆಬ್ಬೆರಳಿನಿಂದ ಟಪ್ಪೆಂದು ಭುಜ ಮುಟ್ಟಿಕೊಂಡ.

ಮುಗೀತು. ಮಾಲು ಅವನದು.

ಚಪ್ಪಾಳೆ ಬಿತ್ತು. ಟೋಪಿಯವನು ಹಣ ಕೊಟ್ಟು, ಪೆಟ್ಟಿಗೆಯನ್ನು ಎದೆಗವಚಿಕೊಂಡು ಹೊರಟೇಬಿಟ್ಟ. ಅಣ್ಣ ಬೆವರು ಒರೆಸಿಕೊಳ್ಳುತ್ತ, ನಗುನಗುತ್ತ ಸ್ಟೂಲಿನಿಂದ ಇಳಿದು, ಅತ್ತಿಗೆಯ ಮುಖ ನೋಡಿದ. ಆಗ ಹೊಳೆಯಿತು ಅವನಿಗೆ.

ನನಗೂ ಆಗಲೇ ಹೊಳೆದದ್ದು. "ಲೋ ಪುಣ್ಯಾತ್ಮ, ನಾವು ಬಂದಿದ್ದು ಕೊಳ್ಳೋಕೆ ಕಣೋ!" ಎಂದು ತಲೆ ಚಚ್ಚಿಕೊಂಡೆ. ಯಜಮಾನ, "ಇನ್ನೂ ಬೀದಿ ದಾಟಿಲ್ಲ, ವಾಪಸ್ ಕರೀಲಾ?" ಎಂದು ಬಾಗಿಲಿಗೆ ಓಡಿದ. ಅಣ್ಣ ಅವನ ತೋಳು ಹಿಡಿದು ನಿಲ್ಲಿಸಿ, ತಲೆಯಾಡಿಸಿ, ತನ್ನ ಭುಜವನ್ನು ಮತ್ತೊಮ್ಮೆ ಹೆಬ್ಬೆರಳಿನಿಂದ ಮುಟ್ಟಿ ತೋರಿಸಿದ. ಕೊಟ್ಟ ಮಾತು ಕೊಟ್ಟದ್ದೇ. ಪ್ರದರ್ಶನದ ಯಂತ್ರವನ್ನಾದರೂ ಕೊಡಿ ಎಂದು ನಾನು ಗೋಗರೆದೆ. ಅದು ಕಂಪನಿಯವರದು, ಮಾರುವ ಹಾಗಿಲ್ಲವಂತೆ.

ಅತ್ತಿಗೆ ಬೈಯುತ್ತಾಳೆ ಅಂದುಕೊಂಡೆ. ಅವಳು ಗಂಡನನ್ನೇ ದಿಟ್ಟಿಸಿ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ನಗು ಶುರುವಾಯಿತು. ಬಾಗಿ, ಮೇಜು ಹಿಡಿದು, ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. "ಯಂತ್ರ ಹೋದ್ರೆ ಹೋಗ್ಲಿ ಬಿಡೇ. ಇವರ ಮುಖ ನೋಡು, ಎಷ್ಟು ದಿನ ಆಯ್ತು ಹೀಗೆ ಕಂಡು!"

ನಗು ನಿಂತ ಮೇಲೆ ಅವಳ ಕಣ್ಣು ಅಂಗಡಿಯ ಮೂಲೆಗೆ ಹೋಯಿತು. ಕೆಳಗಿನ ಹಲಗೆಯಲ್ಲಿ ಧೂಳು ಹಿಡಿದು ಕೂತಿತ್ತು ಇನ್ನೊಂದು. ಅದೇ ಸುರುಳಿ, ಅದೇ ಜಾಲರಿ, ಆದರೆ ವಿದ್ಯುತ್ ಇಲ್ಲ. ಪಕ್ಕದಲ್ಲಿ ಒಂದು ಹಿಡಿಕೆ, ಅಡಿಯಲ್ಲಿ ಮೇಜಿನ ಅಂಚಿಗೆ ಬಿಗಿಯುವ ತಿರುಪು. ಯಜಮಾನ ಸಂಕೋಚದಿಂದ, "ಅದನ್ನ ಯಾರೂ ಕೇಳಲ್ಲಮ್ಮ. ಕೈ ಬಿದ್ದುಹೋಗುತ್ತೆ ತಿರುಗಿಸಿ ತಿರುಗಿಸಿ" ಅಂದ. ಅತ್ತಿಗೆ ರವಿಕೆಯ ತೋಳನ್ನು ಮೇಲಕ್ಕೆ ಸರಿಸಿ, ಹಿಡಿಕೆ ಹಿಡಿದು ಗರಗರ ಎರಡು ಸುತ್ತು ಸುತ್ತಿಸಿದಳು. "ಇದನ್ನೇ ಕಟ್ಟಿ" ಅಂದಳು.

ನೆಲವನ್ನು ನಾನೇ ಒರೆಸಿದೆ. ಮರೆತಿಲ್ಲ ಎಂದು ಹೇಳಿಕೊಳ್ಳಲು ಅಷ್ಟೇ ಇದನ್ನು ಬರೆದದ್ದು.

ಇಸ್ತ್ರಿ ಮೇಜಿನ ತುದಿಗೇ ಯಂತ್ರ ಬಿಗಿದೆವು. ಮೊದಲ ದಿನದ ಕಥೆ ಕೇಳಬೇಡಿ. ರಬ್ಬರಿನ ಉಂಗುರವನ್ನು ಸರಿಯಾಗಿ ಕೂರಿಸಿರಲಿಲ್ಲ, ಬೀಟ್‌ರೂಟಿನ ರಸ ಹಿಂದಿನಿಂದ ಚಿಮ್ಮಿ ಯಾರದೋ ಹೊಚ್ಚಹೊಸ ಬಿಳಿ ಅಂಗಿಯ ಮೇಲೆ ಬಿತ್ತು. ಅತ್ತಿಗೆ ಅದನ್ನು ನಿಂಬೆ ಹುಳಿ ಹಾಕಿ ತಿಕ್ಕಿ ತಿಕ್ಕಿ ಒಗೆದಳು. ಅಂಗಿಯವನು ಬಂದು, "ಏನಮ್ಮಾ, ತಂದಿದ್ದಕ್ಕಿಂತ ಬೆಳ್ಳಗಾಗಿದೆ" ಎಂದು ಹೊಗಳಿ ಹೋದ. ಎರಡನೆಯ ದಿನ ಉದ್ದನೆಯ ನಾರಿನ ಸೊಪ್ಪನ್ನು ಹಾಗೇ ಹಾಕಿ ಸುರುಳಿ ಕಚ್ಚಿಕೊಂಡಿತು. ಹಿಂದಕ್ಕೆ ತಿರುಗಿಸಿ ಬಿಡಿಸಬೇಕು ಎಂದು ಗೊತ್ತಾಯಿತು. ಕಾಂಡವನ್ನು ಬೆರಳಿನ ಗೆಣ್ಣಿಗಿಂತ ಚಿಕ್ಕದಾಗಿ ಹೆಚ್ಚಬೇಕು, ಬರೀ ಮೆತ್ತನೆಯ ಹಣ್ಣು ಹಾಕಿದರೆ ಜಾಲರಿಗೆ ಮೆತ್ತಿಕೊಳ್ಳುತ್ತದೆ, ನಡುನಡುವೆ ಗಟ್ಟಿಯಾದ ಕ್ಯಾರೆಟ್ ತುಂಡು ಹಾಕುತ್ತಿದ್ದರೆ ಅದೇ ದೂಡಿಕೊಂಡು ಹೋಗುತ್ತದೆ. ಹಿಂಡಿ ಮುಗಿದ ತಕ್ಷಣ ಬ್ರಷ್ ಹಾಕಿ ತೊಳೆಯಬೇಕು. ಆಮೇಲೆ ತೊಳೆದರಾಯಿತು ಎಂದು ನಾನು ಒಮ್ಮೆ ಬಿಟ್ಟು, ಒಣಗಿದ ಜಾಲರಿಯನ್ನು ಸೂಜಿಯಿಂದ ಬಿಡಿಸುತ್ತ ಅರ್ಧ ದಿನ ಕೂತಿದ್ದೆ.

ಅಣ್ಣ ಕಿಟಕಿ ಬಿಟ್ಟು ಮೇಜಿನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡ. ಅತ್ತಿಗೆ ಸೌತೆಕಾಯಿ ಹೆರೆಯುತ್ತಿದ್ದಾಗ ಅವನಿಗೆ ತಡೆಯಲಾಗಲಿಲ್ಲ. ಬಿಗಿದ ಹಲ್ಲಿನ ನಡುವೆಯೇ ಗುರುಗುಟ್ಟಿದ:

"ಸಿಪ್ಪೆ ತೆಗೀಬೇಡ ಕಣೇ! ಬಣ್ಣ ಇರೋದೇ ಅದ್ರಲ್ಲಿ!"

ಅತ್ತಿಗೆಯ ಕೈಯಿಂದ ಚಾಕು ಜಾರಿತು. ನಾನು ಮೆಟ್ಟಿಲಿಳಿದು ಓಡಿ ಬಂದೆ. ದನಿ ಡಬ್ಬಿಯೊಳಗಿಂದ ಬಂದ ಹಾಗಿತ್ತು, ನಿಜ. ಆದರೆ ಬೈಗುಳ ಅವನದೇ! ಆವತ್ತಿನಿಂದ ಮನೆಯಲ್ಲಿ ಮತ್ತೆ ಗಲಾಟೆ. "ಒಂದು ಸುತ್ತು ಶುಂಠಿ", "ಈ ಸೇಬು ಗೋದಾಮಿಂದು, ತಾಜಾ ಅಲ್ಲ", "ದಾಳಿಂಬೆ ಕಾಳಿನ ಜೊತೆ ಬಿಳಿ ಪೊರೆ ಹಾಕ್ಬೇಡ, ಕಹಿ". ನಾಲ್ಕು ದಿನದಲ್ಲಿ ತಾನೇ ಚೀಲ ಹಿಡಿದು ಮಾರುಕಟ್ಟೆಗೆ ಹೊರಟ. ಅಲ್ಲಿ ಅವನನ್ನು ಕಂಡವರೆಲ್ಲ ಕೈಗೆ ಸಿಕ್ಕಿದ್ದನ್ನು ಚೀಲಕ್ಕೆ ತುಂಬಿದರು. ಒಂದು ದಿನ ಕ್ಯಾರೆಟ್ ಕಿತ್ತಳೆ, ಒಂದು ದಿನ ಸೇಬು ಸೌತೆ ಶುಂಠಿ, ಒಂದು ದಿನ ಕಪ್ಪು ದ್ರಾಕ್ಷಿ. ರಸದ ರುಚಿಗೆ ನಾಲಿಗೆ ಎಚ್ಚರವಾಗಿದ್ದೇ ತಡ, ಉಳಿದದ್ದೂ ಇಳಿಯತೊಡಗಿತು. ಬರೀ ರಸದಲ್ಲಿ ಮೈ ತುಂಬುವುದಿಲ್ಲ ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದರು, ಅದಕ್ಕೇ ಅತ್ತಿಗೆ ರಸದ ಹಿಂದೆಯೇ ಹಾಲು, ಹಾಲಿನ ಹಿಂದೆ ಗಂಜಿ, ಅದರ ಹಿಂದೆ ಆ ಪುಡಿ, ಹೀಗೆ ಸಾಲಾಗಿ ಕೊಡುತ್ತಿದ್ದಳು. ಅಣ್ಣ ಒಂದೊಂದನ್ನೂ ಮುಗಿಸಿ ಲೋಟ ಬೋರಲು ಹಾಕುತ್ತಿದ್ದ. ಅತ್ತಿಗೆಯ ತೋಳು ದಿನವಿಡೀ ಇಸ್ತ್ರಿ ತಳ್ಳಿ, ನಡುವೆ ಹಿಡಿಕೆ ತಿರುಗಿಸಿ, ಮತ್ತೆ ಇಸ್ತ್ರಿ ತಳ್ಳುತ್ತಿತ್ತು.

ತೂಕದ ದಿನ ಬಂತು. ನಾನು ರಜಾ ಹಾಕಿ ಜೊತೆಗೆ ಹೋದೆ. ಆಸ್ಪತ್ರೆಯ ಕಾರಿಡಾರಿನ ಕೊನೆಯಲ್ಲಿ ಮುಳ್ಳು ತಿರುಗುವ ಹಳೆಯ ತೂಕದ ಯಂತ್ರ. ಅಣ್ಣ ಚಪ್ಪಲಿ ಬಿಟ್ಟು, ಜೇಬಿನ ಚಿಲ್ಲರೆ ನನ್ನ ಕೈಗೆ ಕೊಟ್ಟು ಹತ್ತಿದ. ಮುಳ್ಳು ಓಲಾಡಿತು. ಅತ್ತಿಗೆ ನನ್ನ ಮಣಿಕಟ್ಟನ್ನು ಅದೆಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆ ಒತ್ತಿ ಗುರುತು ಬಿತ್ತು.

ನರ್ಸು ಬಗ್ಗಿ ನೋಡಿದರು. ಹಳೆಯ ಚೀಟಿ ನೋಡಿದರು. ಮತ್ತೆ ಮುಳ್ಳು ನೋಡಿದರು.

"ಅರೆ, ಏರಿದೆ! ಚೆನ್ನಾಗೇ ಏರಿದೆ!"

ಹೊಟ್ಟೆಗೆ ಹಾಲು ಹೊಯ್ದಂತಾಯಿತು. ನಾನು ಆಸ್ಪತ್ರೆ ಎನ್ನುವುದನ್ನೂ ಮರೆತು ಕಿರುಚಿದೆ. ಡಾಕ್ಟರಮ್ಮ ಹೊರಗೆ ಬಂದು, "ಹಾಗಾದ್ರೆ ನಳಿಕೆ ಬೇಡ" ಅಂದರು. ಅತ್ತಿಗೆ ಗೋಡೆಗೆ ಒರಗಿ ಉದ್ದನೆಯ ಉಸಿರು ಬಿಟ್ಟಳು.

ಆದರೆ ಅಣ್ಣ ಯಂತ್ರದಿಂದ ಇಳಿದವನೇ ಅದನ್ನು ಸುತ್ತು ಹಾಕಿ ಅನುಮಾನದಿಂದ ನೋಡತೊಡಗಿದ. ಗೊತ್ತಿರುವ ತೂಕ ಇಟ್ಟು ನೋಡದೆ ಯಾವ ತಕ್ಕಡಿಯನ್ನೂ ನಂಬಬಾರದು, ಅದು ಅವನ ಮಾರುಕಟ್ಟೆಯ ಕಾನೂನು. ಅತ್ತಿಗೆಯತ್ತ ಕೈ ತೋರಿಸಿ, "ನೀನು ಹತ್ತು" ಅಂದ. ನಮ್ಮ ಮನೆಯಲ್ಲಿ ಅತ್ತಿಗೆ ಎಂದರೆ ತೂಕದ ಕಲ್ಲು. ಮದುವೆಯಾಗಿ ಬಂದ ದಿನದಿಂದ ಒಂದೇ ತೂಕ, ಹೆಚ್ಚಲ್ಲ ಕಡಿಮೆಯಲ್ಲ. ವರ್ಷಕ್ಕೊಮ್ಮೆ ಮಾರುಕಟ್ಟೆಯ ದೊಡ್ಡ ತಕ್ಕಡಿಯಲ್ಲಿ ಅವಳನ್ನು ನಿಲ್ಲಿಸಿ ಅಣ್ಣ ಎಲ್ಲರಿಗೂ ತೋರಿಸಿ ಮೀಸೆ ತಿರುವುತ್ತಿದ್ದ.

"ಛೀ, ನನ್ನನ್ನ ಯಾಕೆ? ಬನ್ನಿ ಹೋಗೋಣ" ಎಂದು ಅತ್ತಿಗೆ ಹಿಂದೆ ಸರಿದಳು. ಅಣ್ಣ ಬಿಡಲಿಲ್ಲ. ಕೈ ಹಿಡಿದು ಹತ್ತಿಸಿಯೇ ಬಿಟ್ಟ.

ಮುಳ್ಳು ಎಲ್ಲಿರಬೇಕಿತ್ತೋ ಅದಕ್ಕಿಂತ ತುಂಬ ಕೆಳಗೆ ನಿಂತಿತು.

"ನೋಡಿದ್ರಾ!" ಅಣ್ಣನಿಗೆ ಸಂಭ್ರಮವೋ ಸಂಭ್ರಮ. "ತಕ್ಕಡಿ ಕಮ್ಮಿ ತೋರಿಸ್ತಿದೆ! ಅಂದ್ರೆ ನಾನು ಇದಕ್ಕಿಂತ್ಲೂ ಜಾಸ್ತಿ ಇದೀನಿ!" ಬಿಗಿದ ಹಲ್ಲಿನಲ್ಲೇ ನಗುತ್ತ ನನ್ನ ಬೆನ್ನಿಗೆ ಗುದ್ದಿದ. ನರ್ಸಿಗೆ ಸಿಟ್ಟು ಬಂತು. "ಇವತ್ತು ಬೆಳಿಗ್ಗೆ ತಾನೇ ಸರಿ ಮಾಡಿಸಿದ್ದು ಇದನ್ನ" ಅಂದರು. ಡಾಕ್ಟರಮ್ಮ ನಗುತ್ತ, "ಇರಿ, ನನ್ನ ತೂಕ ನನಗೆ ಚೆನ್ನಾಗಿ ಗೊತ್ತು, ದಿನಾ ನೋಡಿ ದಿನಾ ಕೊರಗ್ತೀನಿ" ಎಂದು ತಾವೇ ಹತ್ತಿದರು. ಮುಳ್ಳು ನೋಡಿದರು. ಇಳಿದರು.

"ಸರಿಯಾಗೇ ಇದೆ" ಅಂದರು.

ಅಣ್ಣನ ನಗು ಅಲ್ಲೇ ನಿಂತಿತು. ಎಲ್ಲರೂ ಅತ್ತಿಗೆಯತ್ತ ನೋಡಿದೆವು. ಅವಳು ಅವಸರ ಅವಸರವಾಗಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು. ದಿನವೂ ಕಣ್ಣೆದುರೇ ಇದ್ದವಳು, ಆಗ ಮೊದಲ ಸಲ ಕಂಡಳು. ಕುತ್ತಿಗೆಯ ಮೂಳೆ, ಸಡಿಲವಾದ ರವಿಕೆ, ಕಣ್ಣ ಕೆಳಗಿನ ಕಪ್ಪು.

"ಏನ್ ತಿಂತಿದ್ರಿ ಇಷ್ಟು ದಿನ?" ಎಂದು ಡಾಕ್ಟರಮ್ಮ ಕೇಳಿದರು.

"ತಿಂತಿದ್ನಲ್ಲ" ಅಂದಳು ಅತ್ತಿಗೆ. ಆಮೇಲೆ, ನೆಲ ನೋಡುತ್ತ, "ಹಿಂಡಿ ಉಳಿದ ಚರಟ ಇರುತ್ತಲ್ಲ, ಅದಕ್ಕೆ ಉಪ್ಪು ಹಾಕ್ಕೊಂಡು. ಇವರು ಹಸಿದು ನೋಡ್ತಾ ಕೂತಿರೋವಾಗ ಎದುರಿಗೆ ಅಗಿಯೋಕೆ ಆಗ್ತಿರ್ಲಿಲ್ಲ. ಒಳಗೆ ಕೂತು ತಿಂದ್ರೂ ಸದ್ದು ಕೇಳುತ್ತೆ ಇವರಿಗೆ."

ನಾನು ಹಗಲು ಕನ್ನಡಕದ ಅಂಗಡಿಯಲ್ಲೇ ಊಟ ಮಾಡುತ್ತಿದ್ದೆ, ಸಂಜೆ ಕೇಳಿದರೆ ‘ಆಯ್ತು ಕಣೇ’ ಎನ್ನುತ್ತಿದ್ದಳು. ಅಣ್ಣ ಅವಳ ಬಲತೋಳನ್ನು ಹಿಡಿದು ಮೆಲ್ಲಗೆ ಅದುಮಿ ನೋಡಿದ. ಅದೂ ಇಳಿದಿತ್ತು.

ಆಸ್ಪತ್ರೆಯ ಗೇಟಿನ ಹೊರಗೆ ಒಬ್ಬಳು ಬುಟ್ಟಿಯಲ್ಲಿ ಸೀಬೆ ಇಟ್ಟುಕೊಂಡು ಕೂತಿದ್ದಳು. ಅಣ್ಣ ನೇರ ಅಲ್ಲಿಗೆ ಹೋಗಿ, ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದೊಂದನ್ನೇ ಉಗುರಿನಿಂದ ತಟ್ಟಿ ನೋಡಿ, ಗಟ್ಟಿ ದೋರೆಗಾಯಿ ಒಂದನ್ನು ಆರಿಸಿದ. ಅಂಗಿಯ ಅಂಚಿನಿಂದ ಒರೆಸಿ, ಎದ್ದು ಬಂದು ಅತ್ತಿಗೆಯ ಮುಂದೆ ಹಿಡಿದ.

"ತಿನ್ನು."

"ಮನೆಗೆ ಹೋಗಿ ತಿಂತೀನ್ರೀ."

"ಇಲ್ಲೇ. ನನ್ನೆದ್ರಿಗೆ."

"ನೀವು ಬಾಯಿ ಕಟ್ಕೊಂಡು ನಿಂತಿರೋವಾಗ ನಾನು ಹೇಗೆ..."

"ಸದ್ದು ಕೇಳ್ಬೇಕು ನಂಗೆ" ಅಂದ ಅಣ್ಣ. "ಜೋರಾಗಿ ತಿನ್ನು."

ಅತ್ತಿಗೆ ಕಚ್ಚಿದಳು. ಕರುಂ ಎಂದಿತು. ಬಸ್ಸುಗಳ ಸದ್ದಿನ ನಡುವೆಯೂ ನನಗೆ ಸ್ಪಷ್ಟವಾಗಿ ಕೇಳಿಸಿತು. ಅವಳು ಅಳುತ್ತಲೇ ಅಗಿದಳು, ಅಗಿಯುತ್ತಲೇ ನಕ್ಕಳು, ಬೀಜ ಕಟಕಟ ಎನ್ನಿಸಿ ಮತ್ತೆ ಕಚ್ಚಿದಳು. ಅಣ್ಣ ಕತ್ತು ವಾಲಿಸಿ, ಕಿವಿಗೊಟ್ಟು, ಕೊನೆಯ ಚೂರಿನ ತನಕ ಕೇಳಿಸಿಕೊಂಡ. ಆಮೇಲೆ ಮತ್ತೆ ಬುಟ್ಟಿಯ ಮುಂದೆ ಕೂತು ಎರಡನೆಯ ಕಾಯಿ ತಟ್ಟತೊಡಗಿದ.